ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಅಂಕ ಬಂದಿದೆ, ಮಗಳು ಆರ್ಟ್ಸ್ ಬೇಕು ಅಂತಾಳೆ. ಸೇರಿಸಬಹುದಾ?

ತುಂಗಾತೀರದ_ಅಮ್ಮ | ಭಾನುವಾರ ಬೆಳಗ್ಗೆ 9:40

ಎಲ್ಲರಿಗೂ ನಮಸ್ಕಾರ. ನಾವು ಶಿವಮೊಗ್ಗದವರು. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 589 ಬಂದಿದೆ. ಪಿಯುಸಿಗೆ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತಗೋತೀನಿ ಅಂತ ಹಟ ಹಿಡಿದಿದ್ದಾಳೆ. ಇತಿಹಾಸ ಅಂದರೆ ಅವಳಿಗೆ ಪ್ರಾಣ. ದಾರಿಯಲ್ಲಿ ವೀರಗಲ್ಲು ಕಂಡರೆ ಅಪ್ಪನ ಬೈಕ್ ನಿಲ್ಲಿಸಿ ಇಳಿದು ನೋಡುತ್ತಾಳೆ.

ನಮ್ಮ ಯಜಮಾನರಿಗೆ ಸುತರಾಂ ಇಷ್ಟವಿಲ್ಲ. ಇಷ್ಟು ಅಂಕ ತೆಗೆದವಳು ಆರ್ಟ್ಸ್ ಯಾಕೆ, ನಾಳೆ ಕೆಲಸ ಎಲ್ಲಿ ಸಿಗುತ್ತೆ ಅನ್ನುತ್ತಾರೆ. ನಾವು ಸೇರಿಸಬೇಕು ಅಂದುಕೊಂಡಿದ್ದ ಖಾಸಗಿ ಕಾಲೇಜಿನಲ್ಲಿ ವಿಚಾರಿಸಿದೆ. ಅಲ್ಲಿ ಆರ್ಟ್ಸ್ ವಿಭಾಗವನ್ನೇ ಮುಚ್ಚಿಬಿಟ್ಟಿದ್ದಾರೆ. ಆಫೀಸಿನಲ್ಲಿ ಕೂತಿದ್ದವರು "ಈ ಅಂಕಕ್ಕೆ ಸೈನ್ಸಿನ ಪಿಸಿಎಂಬಿಯಲ್ಲಿ ಫೀಸು ಕಡಿಮೆ ಮಾಡ್ತೀವಿ, ಆರ್ಟ್ಸ್ ಅಂತ ಮಗೂನ ಹಾಳು ಮಾಡಬೇಡಿ" ಅಂದರು. ಮಗಳು ಪಕ್ಕದಲ್ಲೇ ನಿಂತಿದ್ದಳು. ಮನೆಗೆ ಬರುವವರೆಗೂ ಮಾತಾಡಲಿಲ್ಲ.

ಈ ಓದಿನಿಂದ ಹೊಟ್ಟೆಪಾಡು ನಡೆಯುತ್ತಾ? ಅದಕ್ಕಿಂತ ಮುಖ್ಯ, ಈ ಓದಿಗೆ ನಿಜವಾಗಿ ಬೆಲೆ ಇದೆಯಾ, ಅಥವಾ ನಾನು ಮಗಳ ಮೇಲಿನ ಮೋಹದಿಂದ ಹೀಗೆ ಯೋಚಿಸುತ್ತಿದ್ದೇನಾ? ಓದಿದವರು, ಓದಿಸಿದವರು ಹೇಳಿ.

ಬಯಲುಸೀಮೆ | 9:52

ಸೇರಿಸಿ ಅಕ್ಕ. ಇಷ್ಟಪಟ್ಟು ಓದುವ ಮಕ್ಕಳು ಸಿಗುವುದೇ ಕಷ್ಟ.

ಕೊಪ್ಪಳದ_ಕೋಡರ್ | 10:15

ಎಲ್ಲರೂ "ಸೇರಿಸಿ" ಅಂತಾರೆ, ನಾಳೆ ಸಂಬಳ ಯಾರೂ ಕೊಡೋದಿಲ್ಲ. ನಾನು ನೇರವಾಗಿ ಹೇಳುತ್ತೇನೆ ಮೇಡಂ. ನಮ್ಮ ಓಣಿಯಲ್ಲಿ ಬಿಎ, ಎಂಎ ಮಾಡಿದವರು ಎಷ್ಟೋ ಜನ ಇದ್ದಾರೆ. ಕೆಲವರು ಶಿಕ್ಷಕರ ನೇಮಕಾತಿ ಯಾವಾಗ ಕರೀತಾರೆ ಅಂತ ಕಾಯುತ್ತಿದ್ದಾರೆ. ಕೆಲವರು ಡೆಲಿವರಿ ಕೆಲಸಕ್ಕೆ ಹೋಗುತ್ತಾರೆ. ನಾನು ಎಂಜಿನಿಯರಿಂಗ್ ಓದಿದ್ದರಿಂದ ಮನೆಯ ಸಾಲ ತೀರಿತು, ತಂಗಿ ಮದುವೆ ಆಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗೆ ಆಗಬಾರದು.

ಕಥೆ, ಕಾದಂಬರಿ, ಇತಿಹಾಸ ಎಲ್ಲ ಬೇಕು. ಆದರೆ ಅದನ್ನು ಕೆಲಸದ ಜೊತೆಗೆ ಓದಬಹುದು. ಅದಕ್ಕೊಂದು ಡಿಗ್ರಿ ಯಾಕೆ ಬೇಕು?

ಧಾರವಾಡ_ಸಾಧನಕೇರಿ | 10:31

ಕೊಪ್ಪಳದ ತಮ್ಮಾ, ನಿಮ್ಮ ಮನೆ ಕಷ್ಟ ಅರ್ಥ ಆಗತೈತಿ. ಆದರೆ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಕಾಯುತ್ತಿರುವವರು ನಿಮ್ಮ ಓಣಿಯಲ್ಲಿ ಒಬ್ಬರೂ ಇಲ್ಲೇನ್ರಿ? ಅವರನ್ನು ಕಂಡು ನಾವು ಎಂಜಿನಿಯರಿಂಗ್ ಓದಿಗೇ ಬೆಲೆ ಇಲ್ಲ ಅನ್ನೋದಿಲ್ಲ. ಬಿಎ ಹುಡುಗ ಖಾಲಿ ಕೂತರೆ ಮಾತ್ರ ಓದಿನ ತಪ್ಪು ಅಂತೀವಿ.

ಹಳೇ_ವಕೀಲ | 11:05

ನಾನು ತಾಲೂಕು ಕೋರ್ಟಿನಲ್ಲಿ ವಕೀಲ. ಬಿಎ ಓದಿ ಆಮೇಲೆ ಕಾನೂನು ಓದಿದವನು. ಆಸ್ತಿ ಭಾಗದ ಕೇಸುಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಎಲ್ಲರಿಗೂ ಗೊತ್ತು. ಆದರೂ ಅಣ್ಣತಮ್ಮಂದಿರು ಕರೆದುಕೊಂಡು ಬಂದು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಕಾಗದದ ಮೇಲೆ "ಸ್ವಇಚ್ಛೆಯಿಂದ" ಅಂತಲೇ ಇರುತ್ತದೆ. ಆ ಹೆಂಗಸು ಯಾಕೆ ತಲೆ ತಗ್ಗಿಸಿ ಕೂತಿದ್ದಾಳೆ, ಸಹಿ ಹಾಕದಿದ್ದರೆ ಹಬ್ಬಕ್ಕೆ ತವರಿನ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಎಂಥದ್ದು, ಇದನ್ನು ನನಗೆ ಕಾನೂನಿನ ಪುಸ್ತಕ ಕಲಿಸಲಿಲ್ಲ. ಕಲಿಸಿದ್ದು ಕನ್ನಡದ ಕಥೆಗಳು, ಸಮಾಜಶಾಸ್ತ್ರದ ಕ್ಲಾಸು. ಈಗ ನಾನು ಅಣ್ಣಂದಿರನ್ನು ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೂರಿಸಿ ಕೇಳುತ್ತೇನೆ. ಆಗ ಬೇರೆ ಮಾತು ಬರುತ್ತದೆ.

ಅಂದಹಾಗೆ ಕಾನೂನು ಓದಲು ಯಾವ ವಿಭಾಗದ ಪಿಯುಸಿ ಆದರೂ ಸರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನ 5 ವರ್ಷದ ಕೋರ್ಸಿನ ಹೆಸರೇ ಬಿಎ ಎಲ್‌ಎಲ್‌ಬಿ. ಕ್ಲಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಮಗಳಿಗೆ ಹೇಳಿ.

ಕೊಪ್ಪಳದ_ಕೋಡರ್ | 11:20

ವಕೀಲರೇ, ಒಳ್ಳೆ ಮಾತು ಹೇಳಿದಿರಿ. ಆದರೂ ನಿಮ್ಮ ಹೊಟ್ಟೆ ತುಂಬಿಸುತ್ತಿರುವುದು ಎಲ್‌ಎಲ್‌ಬಿ, ಬಿಎ ಅಲ್ಲ. ಗಿರೀಶ ಕಾರ್ನಾಡರೂ ಧಾರವಾಡದಲ್ಲಿ ಓದಿದ್ದು ಗಣಿತ ಮತ್ತು ಸಂಖ್ಯಾಶಾಸ್ತ್ರ. ನಾಟಕ ಬರೆಯಲು ಸಾಹಿತ್ಯದ ಡಿಗ್ರಿ ಬೇಕಾಗಲಿಲ್ಲ.

ಧಾರವಾಡ_ಸಾಧನಕೇರಿ | 11:28

ಅರ್ಧ ಹೇಳಿದಿರಿ ನೋಡ್ರಿ. ಅದೇ ಕಾರ್ನಾಡರು ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೋಗಿ ಓದಿದ್ದು ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಮಾಸ್ತಿಯವರು ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ ಮಾಡಿ ಮೈಸೂರು ಸಂಸ್ಥಾನದಲ್ಲಿ ದೊಡ್ಡ ಅಧಿಕಾರಿ ಆಗಿದ್ದರು. ಸಾಹಿತ್ಯ ಓದಿದವರು ಜಿಲ್ಲೆ ನಡೆಸಿದ ಕಾಲ ಇತ್ತು. ಈಗಲೂ ಯುಪಿಎಸ್‌ಸಿ ಮೇನ್ಸ್‌ನಲ್ಲಿ ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತಗೋಬಹುದು.

ಅತಿಥಿ_ಮೇಷ್ಟ್ರು | 12:10

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಇತಿಹಾಸ ಪಾಠ ಮಾಡುತ್ತೇನೆ. ಈ ಚರ್ಚೆಯಲ್ಲಿ ಎರಡೂ ಕಡೆಯವರು ಬಿಟ್ಟಿರುವ ಸಂಗತಿ ಒಂದಿದೆ. ಬೆಲೆ ಇರುವುದು ಓದಿಗೆ. ನಾವು ಬಿಎ ಹೆಸರಿನಲ್ಲಿ ಕೊಡುತ್ತಿರುವುದು ಎಷ್ಟೋ ಕಡೆ ಆ ಓದೇ ಅಲ್ಲ.

ಏನು ನಡೆಯುತ್ತೆ ಹೇಳುತ್ತೇನೆ. ಮೇಷ್ಟ್ರು ನೋಟ್ಸ್ ಬರೆಸುತ್ತಾರೆ. ಹುಡುಗರು ಪರೀಕ್ಷೆ ಹತ್ತಿರ ಬಂದಾಗ ಗೈಡ್ ಕೊಳ್ಳುತ್ತಾರೆ. ಹತ್ತು ಅಂಕದ ಪ್ರಶ್ನೆಗೆ ಹತ್ತು ಪಾಯಿಂಟ್. ಶಾಸನದ ಪಾಠ ಇರುತ್ತದೆ, ಒಂದು ಶಾಸನವನ್ನೂ ಕಣ್ಣಾರೆ ನೋಡದೆ ಪಾಸಾಗುತ್ತಾರೆ. ಕಾದಂಬರಿ ಪಠ್ಯವಾಗಿದ್ದರೆ ಅದರ ಸಾರಾಂಶ ಓದುತ್ತಾರೆ. ಲೈಬ್ರರಿ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡಿರುತ್ತವೆ. ನಮ್ಮಂಥವರ ನೇಮಕ ಪ್ರತಿ ವರ್ಷ ಹೊಸದು. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿರುವುದಿಲ್ಲ. ಹಾಗಿರುವಾಗ ಮಕ್ಕಳ ಜೊತೆ ಮೂರು ವರ್ಷದ ಯೋಜನೆ ಹೇಗೆ ಹಾಕಲಿ?

2021ರಲ್ಲಿ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂತು. ಪಠ್ಯ ಬದಲಾಗುತ್ತಲೇ ಇದೆ, ಮೇಷ್ಟ್ರ ಕೊರತೆ ಹಾಗೇ ಇದೆ.

ಇಷ್ಟಾದರೂ ಹೇಳುತ್ತೇನೆ, ನಾನು ಈ ಕೆಲಸ ಬಿಡುವುದಿಲ್ಲ. ಮಕ್ಕಳನ್ನು ಊರ ಹೊರಗಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಕಲ್ಲಿನ ಮುಂದೆ ನಿಲ್ಲಿಸಿದರೆ ಮುಖವೇ ಬದಲಾಗುತ್ತದೆ. "ಸರ್, ಇದರಲ್ಲಿ ನಮ್ಮೂರಿನ ಹೆಸರೇ ಇದೆ" ಅಂತಾರೆ. ಯಾವ ಕೆರೆಗೆ ಯಾರು ಭೂಮಿ ಬಿಟ್ಟರು, ಯಾರು ದನ ಕಾಯಲು ಹೋರಾಡಿ ಸತ್ತರು ಅಂತ ಓದಿದ ಹುಡುಗ ಆಮೇಲೆ ವಾಟ್ಸಾಪಿನಲ್ಲಿ ಬಂದ ಸುಳ್ಳು ಇತಿಹಾಸವನ್ನು ಸುಮ್ನೆ ಫಾರ್ವರ್ಡ್ ಮಾಡುವುದಿಲ್ಲ. "ಇದಕ್ಕೆ ಆಧಾರ ಏನು?" ಅಂತ ಕೇಳುತ್ತಾನೆ. ನನ್ನ ಮಟ್ಟಿಗೆ ಇದೊಂದೇ ಸಾಕು.

ಬಯಲುಸೀಮೆ | 12:18

ಮೇಷ್ಟ್ರೇ, ನಿಮ್ಮಂಥವರು ಎಲ್ಲ ಕಾಲೇಜಿನಲ್ಲೂ ಇರಬೇಕಿತ್ತು.

ಹಾಸನದ_ಹುಡುಗಿ | 12:40

ಶಾಸನದ ಮಾತು ಬಂತು. ಕನ್ನಡದ ಮೊದಲ ಶಾಸನ ನಮ್ಮ ಜಿಲ್ಲೆಯದು! ಹಲ್ಮಿಡಿ, ಬೇಲೂರು ತಾಲೂಕು, ಸುಮಾರು 450.

ಸೊರಬದ_ಸುರಗಿ | 12:47

ಅಕ್ಕ, ಈಗ ಆ ಮಾತು ಅಷ್ಟು ಸಲೀಸಾಗಿ ಹೇಳಲು ಬರಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದಲ್ಲಿ 2013ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹಕಟಾಂಜನ ಶಾಸನ ಸಿಕ್ಕಿತು. ಅದನ್ನು 370ರದ್ದು ಅಂತ ಗುರುತಿಸಿದ್ದಾರೆ. ಪೋಸ್ಟ್ ಹಾಕಿದ ಅಮ್ಮನ ಮಗಳಿಗೆ ಇದು ತಮ್ಮ ಜಿಲ್ಲೆಯದೇ. ಒಂದು ಸಲ ಕರೆದುಕೊಂಡು ಹೋಗಿ. ಅಲ್ಲೇ ಕದಂಬರ ಸ್ತಂಭ ಶಾಸನವೂ ಇದೆ.

ಹಾಸನದ_ಹುಡುಗಿ | 12:55

ಆ ಕಾಲಮಾನವನ್ನು ಎಲ್ಲ ವಿದ್ವಾಂಸರೂ ಒಪ್ಪಿದ್ದಾರಾ? ಪಠ್ಯಪುಸ್ತಕದಲ್ಲಿ ಓದಿದ್ದು ಹಲ್ಮಿಡಿಯೇ.

ಸೊರಬದ_ಸುರಗಿ | 1:02

ಅಕ್ಷರದ ರೂಪ ನೋಡಿ ಕಾಲ ಹೇಳುವಾಗ ವಾದ ಇದ್ದೇ ಇರುತ್ತದೆ. ಆ ವಾದ ಮಾಡಲಿಕ್ಕಾದರೂ ಹಳೆಯ ಲಿಪಿ ಓದಬಲ್ಲವರು ಬೇಕಲ್ವಾ? ಕೊಪ್ಪಳದವರು ಕೇಳಿದರಲ್ಲ, ಡಿಗ್ರಿ ಯಾಕೆ ಅಂತ. ಇದಕ್ಕೇ. ಪುರುಸೊತ್ತಿದ್ದಾಗ ಕಾದಂಬರಿ ಓದಬಹುದು. ಪುರುಸೊತ್ತಿದ್ದಾಗ ಕದಂಬರ ಕಾಲದ ಲಿಪಿ ಕಲಿಯಲು ಆಗಲ್ಲ. ವರ್ಷಗಟ್ಟಲೆ ಗುರುಗಳ ಹತ್ತಿರ ಕೂರಬೇಕು.

ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬಹಳ ಒಳ್ಳೆ ಕೆಲಸ. ಸವೆದ ಅಕ್ಷರವೂ ಪರದೆ ಮೇಲೆ ಎದ್ದು ಕಾಣುತ್ತದೆ. ಆದರೆ ಕಂಡ ಅಕ್ಷರವನ್ನು ಓದಿ ಅರ್ಥ ಹೇಳುವವರು ಇಲ್ಲದಿದ್ದರೆ ಸ್ಕ್ಯಾನ್ ಮಾಡಿ ಏನು ಬಂತು?

ಮೈಸೂರು_ಪಾಕಶಾಲೆ | 1:30

ಇದಕ್ಕೆ ಮೈಸೂರಿನದೇ ಉದಾಹರಣೆ ಇದೆ. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರು ಮಾತ್ರ ಉಳಿದಿತ್ತು, ಪೂರ್ತಿ ಗ್ರಂಥ ವಿದ್ವಾಂಸರ ಕೈಗೆ ಸಿಕ್ಕಿರಲಿಲ್ಲ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟು ಕೊಟ್ಟರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಏನೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಈಗ ಮ್ಯಾನೇಜ್‌ಮೆಂಟ್ ಕಾಲೇಜಿನವರೂ ಚಾಣಕ್ಯ ಚಾಣಕ್ಯ ಅಂತಾರಲ್ಲ, ಅದು ಸಾಧ್ಯವಾದದ್ದು ಗ್ರಂಥ ಅನ್ನುವ ಹಳೆಯ ಲಿಪಿ ಓದಬಲ್ಲ ಒಬ್ಬರು ಆ ಕೋಣೆಯಲ್ಲಿ ಇದ್ದದ್ದರಿಂದ.

ಅಶೋಕಪುರಂ_ಓದುಗ | 1:58

ಎಲ್ಲ ಸರಿ. ಆದರೆ ಈ ಮಾತುಕತೆ ಪೂರ್ತಿ ಕಲ್ಲು, ತಾಳೆಗರಿ, ಪಂಡಿತರ ಸುತ್ತಲೇ ತಿರುಗುತ್ತಿದೆ. ಸಾಹಿತ್ಯ ಯಾರದ್ದು ಅಂತಲೂ ಕೇಳಬೇಕು.

1973ರಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ನಮ್ಮ ಮೈಸೂರಿನಲ್ಲಿ ಮಾತಾಡುತ್ತಾ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ರಾಜ್ಯದಲ್ಲೆಲ್ಲ ಗಲಾಟೆ ಎದ್ದಿತು. ಹಾಸ್ಟೆಲ್ ಹುಡುಗರಿಗೆ ಪೆಟ್ಟು ಬಿದ್ದವು. ಅವರು ರಾಜೀನಾಮೆ ಕೊಟ್ಟರು. ಆದರೆ ಅವರು ಎತ್ತಿದ ಪ್ರಶ್ನೆ ಹೋಗಲಿಲ್ಲ. ನಮ್ಮ ಬದುಕು ಈ ಪುಸ್ತಕಗಳಲ್ಲಿ ಎಲ್ಲಿದೆ? ಆ ಗಲಾಟೆಯ ಹಿಂದೆಯೇ ದಲಿತ ಸಂಘರ್ಷ ಸಮಿತಿ ಬೆಳೆಯಿತು, ದಲಿತ ಬಂಡಾಯ ಸಾಹಿತ್ಯ ಬಂತು. ಕೂಲಿ ಮಾಡುವವರ ಮನೆಯಿಂದ ಬಂದ ಸಿದ್ಧಲಿಂಗಯ್ಯನವರು ಕನ್ನಡ ಎಂಎ ಓದಿದರು, ಪ್ರೊಫೆಸರ್ ಆದರು, ವಿಧಾನ ಪರಿಷತ್ತಿನಲ್ಲಿ ಕೂತು ನಮ್ಮ ಜನರ ಮಾತು ಆಡಿದರು.

ಆದ್ದರಿಂದ ಕೊಪ್ಪಳದ ಅಣ್ಣನಿಗೆ ನನ್ನ ಉತ್ತರ ಇದು. ಸಾಹಿತ್ಯ ಹೊಟ್ಟೆ ತುಂಬಿದವರ ಶೋಕಿ ಅಲ್ಲ. ನಮ್ಮಪ್ಪ ಓದಲು ಬಾರದವರು. ನಾನು ಮೊದಲ ಸಲ ನಮ್ಮ ಕೇರಿಯಂಥದೇ ಕೇರಿಯನ್ನು ಅಚ್ಚಾದ ಪುಟದಲ್ಲಿ ಕಂಡಾಗ ಬೆನ್ನು ನೇರ ಮಾಡಿ ಕೂತೆ. ಅದಕ್ಕೆ ಎಷ್ಟು ರೂಪಾಯಿ ಅಂತ ಯಾರಾದರೂ ಬೆಲೆ ಕಟ್ಟುತ್ತೀರಾ?

ಕೊಪ್ಪಳದ_ಕೋಡರ್ | 2:20

ನಿಮ್ಮ ಮಾತಿಗೆ ನನ್ನ ಹತ್ತಿರ ಎದುರು ಮಾತಿಲ್ಲ. ಬೆಲೆ ಇಲ್ಲ ಅಂತ ನಾನು ಎಲ್ಲೂ ಹೇಳಿಲ್ಲ. ನನ್ನ ಭಯ ಬೇರೆ. 2025ರ ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನದವರು ಶೇ. 82.45, ವಾಣಿಜ್ಯದವರು ಶೇ. 76.07 ಪಾಸಾದರು. ಆರ್ಟ್ಸ್‌ನವರು ಶೇ. 53.29. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು ಫೇಲ್. ಬಡವರ ಮಕ್ಕಳೇ ಅಲ್ಲಿ ಜಾಸ್ತಿ ಇರುವುದು. ಅವರಿಗೆ ಸಿಗುತ್ತಿರುವುದು ಬೆನ್ನು ನೇರ ಮಾಡುವ ಓದಾ?

ಅತಿಥಿ_ಮೇಷ್ಟ್ರು | 2:34

ಇದು ಸರಿಯಾದ ಪ್ರಶ್ನೆ. ಬೇರೆ ಎಲ್ಲೂ ಸೀಟು ಸಿಗದವರನ್ನು ಆರ್ಟ್ಸ್‌ಗೆ ತಳ್ಳುತ್ತೇವೆ. ಆಮೇಲೆ ಪಾಸಾಗಲಿಲ್ಲ ಅಂತ ಆರ್ಟ್ಸನ್ನು ಬೈಯುತ್ತೇವೆ.

ಕೊಟ್ಟೂರು_ರಥಬೀದಿ | 2:50

ನಮ್ಮೂರ ಹೆಸರು ಹೇಳಲೇಬೇಕು. ಕೊಟ್ಟೂರಿನ ಇಂದು ಪಿಯು ಕಾಲೇಜಿಗೆ ಆರ್ಟ್ಸ್‌ನಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಎಷ್ಟೋ ವರ್ಷ ಬಂದಿದೆ. 2019ರಲ್ಲಿ ಮೊದಲು ಬಂದ ಹುಡುಗಿ ಪಂಕ್ಚರ್ ಹಾಕುವವರ ಮಗಳು. ದೊಡ್ಡ ನಗರ ಅಲ್ಲ ಇದು. ಆರ್ಟ್ಸ್ ಮಕ್ಕಳನ್ನೂ ಸೈನ್ಸ್ ಮಕ್ಕಳಷ್ಟೇ ಗಂಭೀರವಾಗಿ ಓದಿಸುತ್ತಾರೆ, ಅಷ್ಟೇ.

ಹೆಬ್ಬಾಳ_ರಾತ್ರಿಪಾಳಿ | 3:05

ರ‍್ಯಾಂಕು ಬೇರೆ, ಓದು ಬೇರೆ. ಬಾಯಿಪಾಠ ಮಾಡಿಯೂ ರ‍್ಯಾಂಕ್ ತೆಗೀಬಹುದು.

ಕೊಟ್ಟೂರು_ರಥಬೀದಿ | 3:09

ಸೈನ್ಸಿನಲ್ಲಿ ಬಾಯಿಪಾಠ ಇಲ್ವಾ ಹಾಗಾದ್ರೆ? ಹಳ್ಳಿ ಹುಡುಗಿಗೆ ಆ ರ‍್ಯಾಂಕಿನಿಂದ ಮನೆಯಲ್ಲಿ ಓದು ಮುಂದುವರಿಸಲು ಒಪ್ಪಿಗೆ ಸಿಗುತ್ತದೆ. ಅದು ಸಣ್ಣ ವಿಷಯ ಅಲ್ಲ.

ಸಾಗರ_ಅಡಿಕೆ | 3:40

ನಾನು ಅಡಿಕೆ ಬೆಳೆಯುವವನು, ಸಾಗರದ ಹತ್ತಿರ. ನಮ್ಮ ಪಕ್ಕದ ಹೆಗ್ಗೋಡಿನ ಬಗ್ಗೆ ಇನ್ನೂ ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

1949ರಲ್ಲಿ ಊರಿನವರು ಸೇರಿ ನೀನಾಸಂ ಅನ್ನುವ ನಾಟಕ ಸಂಘ ಕಟ್ಟಿದರು. ಕೆ.ವಿ. ಸುಬ್ಬಣ್ಣನವರು ಮೈಸೂರಿನಲ್ಲಿ ಸಾಹಿತ್ಯ ಓದಿ ತಿರುಗಿ ಊರಿಗೇ ಬಂದವರು. ತೋಟ ನೋಡಿಕೊಂಡೇ ನಾಟಕ, ಸಿನಿಮಾ, ಪುಸ್ತಕ ಪ್ರಕಟಣೆ ಎಲ್ಲ ಮಾಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಆಯಿತು. 1985ರಿಂದ ತಿರುಗಾಟ ಹೊರಟಿತು, ಊರೂರಿಗೆ ನಾಟಕ ಹೋಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಕಡೆ ಸುಗ್ಗಿ ಮುಗಿಸಿ ಬಂದವರು ಬೆಂಚಿನ ಮೇಲೆ ಕೂತು ಷೇಕ್ಸ್‌ಪಿಯರ್ ನೋಡಿದ್ದಾರೆ, ಜಪಾನಿನ ಸಿನಿಮಾ ನೋಡಿ ಬೆಳಗಿನ ಜಾವದವರೆಗೆ ವಾದ ಮಾಡಿದ್ದಾರೆ.

ಇದರಿಂದ ಅಡಿಕೆ ರೇಟು ಜಾಸ್ತಿ ಆಗಲಿಲ್ಲ. ಆದರೆ ಕೊಳೆರೋಗ ಬಂದು ತೋಟ ಹೋದ ವರ್ಷವೂ ಸಂಜೆ ಹೋಗಿ ಕೂರಲು, ನಾಲ್ಕು ಜನರ ಜೊತೆ ಮಾತಾಡಲು ಒಂದು ಜಾಗ ಇತ್ತು. ಒಬ್ಬನೇ ಮನೆಯಲ್ಲಿ ಕೊರಗುತ್ತಾ ಕೂರಲಿಲ್ಲ. ಕಲೆಯ ಬೆಲೆ ಕೇಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಮ್ಮಾ, ನೀವು ಶಿವಮೊಗ್ಗದಲ್ಲೇ ಇದ್ದೀರಿ. ಮಗಳನ್ನು ಕರೆದುಕೊಂಡು ಒಂದು ನಾಟಕಕ್ಕೆ ಬನ್ನಿ. ಯಜಮಾನರೂ ಬರಲಿ.

ಹೆಬ್ಬಾಳ_ರಾತ್ರಿಪಾಳಿ | 4:02

ಎಂಜಿನಿಯರಿಂಗ್ ಕಡೆಯ ಮಾತೂ ಸೇರಿಸುತ್ತೇನೆ. ಬೆಂಗಳೂರಿನ ಐಐಎಸ್‌ಸಿ 2011ರಲ್ಲಿ ಪದವಿ ಕೋರ್ಸ್ ಶುರು ಮಾಡಿದಾಗ ವಿಜ್ಞಾನದ ಜೊತೆ ಮಾನವಿಕ ವಿಷಯಗಳನ್ನೂ ಓದಲೇಬೇಕು ಅಂತ ಇಟ್ಟರು. ಐಐಟಿಗಳಲ್ಲೂ ಅದಕ್ಕೆ ವಿಭಾಗ ಇದೆ. ವಿಜ್ಞಾನದ ದೊಡ್ಡ ಸಂಸ್ಥೆಗಳಿಗೆ ಬೇಕಾದದ್ದು ನಮ್ಮ ಪಿಯು ಕಾಲೇಜುಗಳಿಗೆ ಬೇಡವಾಗಿದೆ.

ವಿಟಿಯು_ಬ್ಯಾಕ್‌ಬೆಂಚ್ | 4:11

ಎಂಜಿನಿಯರಿಂಗ್ ಓದುವಾಗ ನಮಗೂ ಸಾಂಸ್ಕೃತಿಕ ಕನ್ನಡ ಅಂತ ಒಂದು ಪೇಪರ್ ಇತ್ತು. ವಚನ, ಕೀರ್ತನೆ, ಹೊಸ ಕವಿತೆ ಎಲ್ಲ ಇತ್ತು. ನಮ್ಮ ಕಾಲೇಜಿನಲ್ಲಿ ಆ ಪಿರಿಯಡ್‌ನಲ್ಲಿ ಗಣಿತ ತಗೊಳ್ಳುತ್ತಿದ್ದರು. ಈಗ ಬೇಜಾರಾಗುತ್ತೆ.

ತುಂಗಾತೀರದ_ಅಮ್ಮ | 5:25

ಎಲ್ಲ ಓದಿದೆ. ವಕೀಲರ ಮಾತನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ, ಸುಮ್ಮನೆ ಕೇಳಿದರು. ತಾಳಗುಂದದ ವಿಷಯ ಮಗಳಿಗೆ ಆಗಲೇ ಗೊತ್ತಿತ್ತು! ಈಗ ಯಜಮಾನರ ಪ್ರಶ್ನೆ: ಸರಿ, ಪಿಯುಸಿ ಆದಮೇಲೆ ಬಿಎ ಎಲ್ಲಿ ಓದಿಸೋದು? ಮೇಷ್ಟ್ರು ಹೇಳಿದಂಥ ಕಾಲೇಜಿಗೆ ಸಿಕ್ಕಿಬಿದ್ದರೆ?

ಮೈಸೂರು_ಪಾಕಶಾಲೆ | 5:48

ಮೇಷ್ಟ್ರ ಕೆಲಸ ಇಷ್ಟವಿದ್ದರೆ ಮೈಸೂರಿನ ಆರ್‌ಐಇಯಲ್ಲಿ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಬಿಎ, ಬಿಎಡ್ ಎರಡೂ ಸೇರಿದ 4 ವರ್ಷದ ಕೋರ್ಸ್ ಇದೆ. ಪ್ರವೇಶ ಪರೀಕ್ಷೆ ಇರುತ್ತದೆ. ಮಹಾರಾಜ ಕಾಲೇಜು ಇದ್ದೇ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲೂ ಬಿಎ ಇದೆ. ಮನೆಯ ಆದಾಯ ನೋಡಿ ಫೀಸಿನಲ್ಲಿ ನೆರವು ಕೊಡುತ್ತಾರೆ, ಫೀಸು ಕಂಡು ಹೆದರಿ ಅರ್ಜಿ ಹಾಕದೆ ಇರಬೇಡಿ. ಚಿತ್ರಕಲೆಯ ಕಡೆ ಒಲವಿದ್ದರೆ ಮೈಸೂರಿನ ಕಾವಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು.

ಹೆಬ್ಬಾಳ_ರಾತ್ರಿಪಾಳಿ | 5:55

ಒಂದು ಎಚ್ಚರಿಕೆ. ಮುಂದೆ ಅರ್ಥಶಾಸ್ತ್ರವನ್ನು ಆಳವಾಗಿ ಓದುವ ಆಸೆ ಇದ್ದರೆ ಗಣಿತ ಪೂರ್ತಿ ಬಿಡಬೇಡಿ. ಒಳ್ಳೆಯ ಕಡೆ ಹಲವರು ಪಿಯುಸಿಯಲ್ಲಿ ಗಣಿತ ಇತ್ತಾ ಅಂತ ಕೇಳುತ್ತಾರೆ. ಇತಿಹಾಸವೇ ಬೇಕು ಅಂದರೆ ತೊಂದರೆ ಇಲ್ಲ.

ಅತಿಥಿ_ಮೇಷ್ಟ್ರು | 6:20

ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ. ಲೈಬ್ರರಿಗೆ ಹೋಗಿ ಬೀರುವಿಗೆ ಬೀಗ ಇದೆಯಾ ನೋಡಿ. ಇತಿಹಾಸಕ್ಕೆ ಖಾಯಂ ಮೇಷ್ಟ್ರು ಇದ್ದಾರಾ ಕೇಳಿ. ಹಿಂದಿನ ವರ್ಷದ ಮಕ್ಕಳನ್ನು ಹೊರಗೆ ಮಾತಾಡಿಸಿ, ಈ ವರ್ಷ ಪಠ್ಯ ಬಿಟ್ಟು ಯಾವ ಪುಸ್ತಕ ಓದಿದಿರಿ ಅಂತ ಕೇಳಿ. ಉತ್ತರ ಬಂದರೆ ಸೇರಿಸಿ.

ಪಿಯುಸಿಗೆ ಸರ್ಕಾರಿ ಕಾಲೇಜು ಅಂತ ಹಿಂಜರಿಯಬೇಡಿ. ಆರ್ಟ್ಸ್‌ಗೆ ಅನುಭವಿ ಉಪನ್ಯಾಸಕರು ಈಗ ಹೆಚ್ಚಾಗಿ ಅಲ್ಲೇ ಇರುವುದು.

ಕೊಪ್ಪಳದ_ಕೋಡರ್ | 6:41

ಮೇಡಂ, ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಆದರೆ ನಿಮ್ಮ ಮಗಳು ತಿಳಿದೇ ಆರಿಸುತ್ತಿದ್ದಾಳೆ, ಅದು ಬೇರೆ ಮಾತು. ಸೇರಿಸುವುದಾದರೆ ಜೊತೆಗೆ ಇಂಗ್ಲಿಷ್ ಚೆನ್ನಾಗಿ ಕಲಿಯಲಿ. ಡೇಟಾ ನೋಡುವುದು, ನಕ್ಷೆ ಮಾಡುವುದು ಸ್ವಲ್ಪ ಕಲಿಯಲಿ. ಇತಿಹಾಸದ ಕೆಲಸಕ್ಕೂ ಬೇಕಾಗುತ್ತದೆ. ಅದನ್ನು ನಾನು ಆನ್‌ಲೈನಿನಲ್ಲಿ ಹೇಳಿಕೊಡುತ್ತೇನೆ, ದುಡ್ಡು ಬೇಡ.

ಅಶೋಕಪುರಂ_ಓದುಗ | 6:50

ಅಣ್ಣಾ, ನಮ್ಮ ಹಾಸ್ಟೆಲ್ ಹುಡುಗರಿಗೂ ಹೇಳಿಕೊಡ್ತೀರಾ? ಬಿಎ ಓದುವವರು ಆರೇಳು ಜನ ಇದ್ದಾರೆ.

ಕೊಪ್ಪಳದ_ಕೋಡರ್ | 6:53

ಖಂಡಿತ. ಶನಿವಾರ ಸಂಜೆ ಆಗಬಹುದು. ಮೆಸೇಜ್ ಮಾಡಿ.

ಸೊರಬದ_ಸುರಗಿ | 7:15

ಆ ಖಾಸಗಿ ಕಾಲೇಜು ಆರ್ಟ್ಸ್ ಮುಚ್ಚಿದ ವಿಷಯ ಮಾತ್ರ ಯಾರೂ ಮುಂದುವರಿಸಲಿಲ್ಲ. ನಮ್ಮ ತಾಲೂಕಿನಲ್ಲೂ ಒಂದು ಕಡೆ ಮಕ್ಕಳು ಬರಲ್ಲ ಅಂತ ಮುಚ್ಚಿದರು. ಅರ್ಜಿ ಕೇಳಲು ಹೋದವರನ್ನೆಲ್ಲ "ಬೇಡ" ಅಂತ ವಾಪಸ್ ಕಳಿಸಿದರೆ ಮಕ್ಕಳು ಎಲ್ಲಿಂದ ಬರುತ್ತಾರೆ? ಜಿಲ್ಲೆಯ ಡಿಡಿಪಿಯು (ಪಿಯು ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗೆ ಪೋಷಕರೆಲ್ಲ ಸೇರಿ ಮನವಿ ಕೊಡೋಣ. ಮುಚ್ಚಿದ ಕಾಲೇಜುಗಳ ಪಟ್ಟಿ ಕೇಳೋಣ.

ಹಳೇ_ವಕೀಲ | 7:32

ಮನವಿಯ ಕರಡು ನಾನು ಬರೆಯುತ್ತೇನೆ. ಪಟ್ಟಿಗೆ ಮಾಹಿತಿ ಹಕ್ಕಿನಲ್ಲಿ ಬೇರೆ ಅರ್ಜಿ ಹಾಕಬೇಕು, ಎರಡನ್ನೂ ಸೇರಿಸಬೇಡಿ. ಶಿವಮೊಗ್ಗ ಜಿಲ್ಲೆಯವರು ಯಾರು ಯಾರು ಇದ್ದೀರಿ, ಇಲ್ಲಿ ಹೇಳಿ.

ಸಾಗರ_ಅಡಿಕೆ | 7:36

ನಾನಿದ್ದೇನೆ.

ತುಂಗಾತೀರದ_ಅಮ್ಮ | 7:44

ನಾನೂ ಸಹಿ ಹಾಕುತ್ತೇನೆ. ನಮ್ಮ ಬೀದಿಯಲ್ಲಿ ಇನ್ನಿಬ್ಬರು ಹುಡುಗಿಯರ ಮನೆಯಲ್ಲೂ ಇದೇ ಜಗಳ ನಡೆಯುತ್ತಿದೆ, ಅವರ ಅಮ್ಮಂದಿರನ್ನೂ ಕೇಳುತ್ತೇನೆ. ಕರಡು ಸೋಮವಾರದೊಳಗೆ ಸಿಕ್ಕರೆ ಒಳ್ಳೆಯದು, ದಾಖಲಾತಿ ಶುರುವಾಗಿದೆ.